ಗರ್ ಎನ್ನುವ ರೇಡಿಯೊ, ಟಕ್ ಎನ್ನುವ ಬೇಲಿ

ಮೇಷ್ಟ್ರೇ, ಮೇಡಂ, ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇನ್ನೂ ಇದೆಯಾ? ಇದ್ದರೆ ಇವತ್ತು ಸಂಜೆ ಸೆಲ್ ಹಾಕಿ, ಮೀಡಿಯಂ ವೇವ್‌ಗೆ ತಿರುಗಿಸಿ, ಮೊಬೈಲ್ ಚಾರ್ಜರ್ ಹತ್ತಿರ ಹಿಡಿಯಿರಿ. ನಮ್ಮ ಅಜ್ಜಂದಿರ ಕಾಲದಲ್ಲಿ ಇದೇ ಪಟ್ಟಿಯಲ್ಲಿ ರಾತ್ರಿ ಹೊತ್ತು ದೂರದ ನಿಲಯಗಳೆಲ್ಲ ಕೇಳಿಸುತ್ತಿದ್ದವು. ಈಗ ಕೇಳಿಸೋದು 'ಗರ್ರ್' ಅನ್ನೋ ಸದ್ದು. ರೇಡಿಯೊ ಕೆಟ್ಟಿಲ್ಲ, ನಮ್ಮ ಮನೆಗಳು ಬದಲಾಗಿವೆ.

ಈ ಸದ್ದಿನ ಬೆನ್ನು ಹತ್ತಿ ಕಳೆದ ಬೇಸಿಗೆ ರಜೆಯಲ್ಲಿ ನಾನು ಒಂದು ವಾರ ಓಡಾಡಿದೆ. ಆ ವಾರದಲ್ಲಿ ಕಲಿತದ್ದು ಒಂಬತ್ತು, ಹತ್ತನೇ ತರಗತಿಯ ಪಾಠಕ್ಕೆ ನೇರವಾಗಿ ಬರುತ್ತೆ ಅಂತ ಅನ್ನಿಸಿದ್ದರಿಂದ ಈ ಲೇಖನ.

ಮಾವನ ಆಂಟೆನಾ

ನನ್ನ ಸೋದರಮಾವ ನೀಲಗಿರಿಯ ಕೆತ್ತಿಯಲ್ಲಿ ನೆಲೆಸಿ ಬಹಳ ವರ್ಷವಾಯಿತು. ಊಟಿಯಿಂದ ಕೂನೂರಿಗೆ ಇಳಿಯುವ ಪುಟ್ಟ ರೈಲು ಲವ್‌ಡೇಲ್ ದಾಟಿದ ಮೇಲೆ ಕೆತ್ತಿಯಲ್ಲಿ ನಿಲ್ಲುತ್ತದಲ್ಲ, ಅಲ್ಲಿಂದ ಕೆಳಗೆ ನೋಡಿದರೆ ಕ್ಯಾರೆಟ್, ಆಲೂಗಡ್ಡೆ, ಟೀ ತೋಟಗಳ ಕಣಿವೆ. ಸುತ್ತ ಬಡಗರ ಹಟ್ಟಿಗಳು. ಅವರು ಬಡಗ ಮಾತಾಡಿದರೆ ನಮಗೆ ಅರ್ಧ ತಿಳಿಯುತ್ತೆ, ನಾವು ಕನ್ನಡ ಮಾತಾಡಿದರೆ ಅವರಿಗೆ ಮುಕ್ಕಾಲು ತಿಳಿಯುತ್ತೆ.

2009ರ ನವೆಂಬರ್ 10 ಮಾವ ಮರೆಯುವ ದಿನ ಅಲ್ಲ. ಅಂದು ದಾಖಲಾದ 24 ಗಂಟೆಗಳ ಮಳೆ ಕೆತ್ತಿಯಲ್ಲಿ 820 ಮಿಲಿಮೀಟರ್. ಗುಂಡ್ಲುಪೇಟೆ ಕಡೆ ನಮಗೆ ಇಡೀ ವರ್ಷ ಬಂದರೂ ಸಾಕು ಅನ್ನುವಷ್ಟು ಮಳೆ, ಒಂದೇ ದಿನದಲ್ಲಿ. ಆ ದಿನಗಳಲ್ಲಿ ನೀಲಗಿರಿಯ ಗುಡ್ಡಗಳು ಜಾರಿ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮಾವನ ಮನೆಯಲ್ಲಿ ಕರೆಂಟು ಇಲ್ಲ, ಫೋನು ಇಲ್ಲ, ರಸ್ತೆ ಇಲ್ಲ. "ನಾವು ಬದುಕಿದೀವಿ ಅಂತ ನಿಮ್ಮಮ್ಮಂಗೆ ಹೇಳೋಕ್ಕೇ ಆಗಲಿಲ್ಲ ಕಣಮ್ಮ" ಅಂತ ಈಗಲೂ ಹೇಳ್ತಾರೆ. ಅದಾದ ಮೇಲೆ ಅವರು ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಪರವಾನಗಿ ತೆಗೆದುಕೊಂಡರು. ಕೇಂದ್ರ ಸರ್ಕಾರದ ಸಂವಹನ ಇಲಾಖೆ ಕೊಡುವ ಈ ಪರವಾನಗಿ ಇದ್ದವರನ್ನು ಜಗತ್ತೆಲ್ಲ 'ಹ್ಯಾಮ್' ಅಂತ ಕರೆಯುತ್ತೆ. ಕಾರಿನ ಬ್ಯಾಟರಿ, ಒಂದು ರೇಡಿಯೊ, 20 ಮೀಟರ್ ತಂತಿ, ಇಷ್ಟಿದ್ದರೆ ಟವರು, ಕೇಬಲ್ಲು ಯಾವುದೂ ಇಲ್ಲದೆ ಕೆತ್ತಿಯಿಂದ ಬೆಂಗಳೂರಿಗೆ ಮಾತಾಡಬಹುದು.

ಈ ಸಲ ನಾನು ಹೋದಾಗ ಮಾವ ಮಹಡಿ ಮೇಲೆ ನಿಂತು ಆಂಟೆನಾ ಕಡೆ ನೋಡ್ತಿದ್ದರು. "ಇಳಿಸಿಬಿಡ್ತೀನಿ" ಅಂದರು. ಕಾರಣ ಎರಡು. ಒಂದು, ಎರಡು ವರ್ಷದಿಂದ ರೇಡಿಯೊದಲ್ಲಿ ಗದ್ದಲ ಏರಿ ಏರಿ, ಯಾರ ಮಾತೂ ಕೇಳಿಸದ ಸ್ಥಿತಿ. ಇನ್ನೊಂದು, ಪಕ್ಕದ ಮನೆಯ ಅಜ್ಜಿಯ ದೂರು. ಮಾವ ಮೈಕ್ ಒತ್ತಿದಾಗಲೆಲ್ಲ ಅವರ ಟಿ.ವಿ.ಗೆ ಹಾಕಿರುವ ದೊಡ್ಡ ಸ್ಪೀಕರ್ ಬಾತುಕೋಳಿ ಹಾಗೆ ಕೂಗುತ್ತಂತೆ. ಸೀರಿಯಲ್ ಹೊತ್ತಿನಲ್ಲಿ ಕೂಗಿದರೆ ಯಾರು ತಾನೆ ಸುಮ್ಮನಿರ್ತಾರೆ? ಇಪ್ಪತ್ತು ವರ್ಷದ ನೆರೆಹೊರೆ, ಎರಡು ತಿಂಗಳಿಂದ ಮಾತು ನಿಂತಿತ್ತು.

"ಏನು ಬಿ.ಎಸ್ಸಿ. ಮೇಡಂ, ನಿಮ್ಮ ಪುಸ್ತಕದಲ್ಲಿ ಇದಕ್ಕೆ ಏನಾದರೂ ಔಷಧ ಇದೆಯಾ?" ಅಂದರು ಮಾವ.

ಇದು ಆ ವ್ಯತಿಕರಣ ಅಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಪಠ್ಯದಲ್ಲಿ 'ವ್ಯತಿಕರಣ' ಅಂದರೆ ಎರಡು ತರಂಗಗಳು ಸೇರಿ ಎಲ್ಲೋ ಹೆಚ್ಚಾಗಿ ಎಲ್ಲೋ ಕಡಿಮೆಯಾಗೋದು, ಸೋಪಿನ ಗುಳ್ಳೆಯ ಬಣ್ಣದ ಹಾಗೆ. ರೇಡಿಯೊದವರು ಇಂಗ್ಲಿಷಿನಲ್ಲಿ ಅದೇ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ. ಬೇಡದ ರೇಡಿಯೊ ಶಕ್ತಿ ಬೇಕಾದ ಸಂಕೇತಕ್ಕೆ ಅಡ್ಡ ಬರೋದು ಅಷ್ಟೇ. ಹಾಗಾಗಿ ಇಲ್ಲಿ ನಾನು 'ಅಡಚಣೆ' ಅಂತಲೇ ಬರೆಯುತ್ತೇನೆ.

ಯಾವ ಅಡಚಣೆಗೂ ಮೂರು ಭಾಗ ಇರುತ್ತೆ: ಹುಟ್ಟುವ ಜಾಗ, ಹಾದುಬರುವ ದಾರಿ, ತೊಂದರೆಗೆ ಒಳಗಾಗುವ ಉಪಕರಣ. ಈ ಮೂರರಲ್ಲಿ ಒಂದನ್ನು ಸರಿಪಡಿಸಿದರೂ ಸಾಕು. ನಮ್ಮ ಮುಂದೆ ಎರಡು ಬೇರೆ ಬೇರೆ ಅಡಚಣೆಗಳಿದ್ದವು. ಒಂದರಲ್ಲಿ ಮಾವನ ರೇಡಿಯೊ ಬಲಿಪಶು, ಇನ್ನೊಂದರಲ್ಲಿ ಅದೇ ಅಪರಾಧಿ. ಎರಡನ್ನೂ ಕಲಸಬಾರದು ಅಂತ ಮೊದಲೇ ತೀರ್ಮಾನಿಸಿಕೊಂಡೆವು.

ಮಾವನ ರೇಡಿಯೊದಲ್ಲಿ ಎಸ್-ಮೀಟರ್ ಅನ್ನುವ ಅಳತೆ ಇದೆ. ಎಸ್9 ಅಂದರೆ ಆಂಟೆನಾ ತುದಿಯಲ್ಲಿ 50 ಮೈಕ್ರೊವೋಲ್ಟ್. ಅಲ್ಲಿಂದ ಒಂದೊಂದು ಮೆಟ್ಟಿಲು ಇಳಿದರೆ ವೋಲ್ಟೇಜ್ ಅರ್ಧ, ಸಾಮರ್ಥ್ಯ ಕಾಲು ಭಾಗ, ಅಂದರೆ 6 ಡೆಸಿಬೆಲ್. ಎಸ್9ರಿಂದ ಎಸ್3ಕ್ಕೆ ಆರು ಮೆಟ್ಟಿಲು. ಸಾಮರ್ಥ್ಯದ ವ್ಯತ್ಯಾಸ ನಾಲ್ಕನ್ನು ಆರು ಸಲ ಗುಣಿಸಿದಷ್ಟು, 4096 ಪಟ್ಟು. ಹತ್ತನೇ ತರಗತಿ ಮಕ್ಕಳಿಗೆ ಘಾತಾಂಕ ಕಲಿಸೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮಾವನ ಮೀಟರ್‌ನಲ್ಲಿ, 7.1 ಮೆಗಾಹರ್ಟ್ಸ್‌ನಲ್ಲಿ, ಸಂಜೆ ಗದ್ದಲ ಎಸ್9. ದೂರದ ಹ್ಯಾಮ್ ಎಸ್7ರಲ್ಲಿ ಬಂದರೆ ಅವರು ಮುಳುಗಿಹೋದರು ಅಂತಲೇ ಲೆಕ್ಕ. ಪ್ರವಾಹದ ದಿನ ಸಹಾಯ ಕೇಳುವವರು ಬ್ಯಾಟರಿಯಲ್ಲಿ, ಕಡಿಮೆ ಸಾಮರ್ಥ್ಯದಲ್ಲಿ ಮಾತಾಡುತ್ತಾರೆ. ಅವರ ದನಿ ಎಸ್4ಕ್ಕೆ ಬಂದರೆ ಪುಣ್ಯ. ಎಸ್9 ಗದ್ದಲದಲ್ಲಿ ಕೂತ ಹ್ಯಾಮ್ ಅವತ್ತು ಕಿವುಡನೇ.

ನಾನು ಮಾಡಿದ ತಪ್ಪು

ಮೊದಲ ಪರೀಕ್ಷೆ ಸರಳ. ರೇಡಿಯೊಗೆ 12 ವೋಲ್ಟ್ ಬ್ಯಾಟರಿ ಕೊಟ್ಟು, ಇಡೀ ಮನೆಯ ಮೇನ್ ಸ್ವಿಚ್ ಆರಿಸೋದು. ಗದ್ದಲ ನಿಂತರೆ ಕಳ್ಳ ಮನೆಯೊಳಗೆ, ನಿಲ್ಲದಿದ್ದರೆ ಹೊರಗೆ.

ಮೇನ್ ಆರಿಸಿದೆ. ಗದ್ದಲ ಇನ್ನೂ ಜಾಸ್ತಿಯಾಯಿತು! "ಹೊರಗಿನದು ಮಾವ, ಕಂಬದ ತೊಂದರೆ" ಅಂತ ಘೋಷಿಸಿಯೂ ಬಿಟ್ಟೆ. ಮಾವ ಮೆಲ್ಲಗೆ ಮೆಟ್ಟಿಲ ಕೆಳಗೆ ಬೆರಳು ತೋರಿಸಿದರು. ಯುಪಿಎಸ್ ಇನ್ವರ್ಟರ್ ತನ್ನ ಪಾಡಿಗೆ ತಾನು ಶುರುವಾಗಿತ್ತು. ಕರೆಂಟು ಹೋಗಿದೆ ಅಂತ ಅದು ಮನೆಯ ದೀಪಗಳಿಗೆ ವಿದ್ಯುತ್ ಕೊಡ್ತಾ, ಜೊತೆಗೆ ತನ್ನದೇ ಗದ್ದಲವನ್ನೂ ಸೇರಿಸ್ತಾ ಇತ್ತು. ಪ್ರಯೋಗದಲ್ಲಿ ಒಂದೇ ಚರಾಂಶ ಬದಲಾಗಬೇಕು ಅಂತ ಮಕ್ಕಳಿಗೆ ವರ್ಷವಿಡೀ ಹೇಳುವ ನಾನು ಎರಡನ್ನು ಬದಲಾಯಿಸಿದ್ದೆ.

ಇನ್ವರ್ಟರನ್ನೂ ಆರಿಸಿದ ಮೇಲೆ ಮೀಟರ್ ಎಸ್5ಕ್ಕೆ ಇಳಿಯಿತು. ಆಗ ಎರಡು ಸಂಗತಿ ಗೊತ್ತಾದವು. ಗದ್ದಲದ ದೊಡ್ಡ ಪಾಲು ಮನೆಯೊಳಗಿನದೇ. ಉಳಿದ ಎಸ್5ರಲ್ಲಿ 'ಟಕ್... ಟಕ್... ಟಕ್' ಅಂತ ಗಡಿಯಾರದ ಹಾಗೆ ಬೇರೆ ಏನೋ ಇದೆ. ಅದನ್ನು ಆಮೇಲೆ ನೋಡೋಣ ಅಂತ ಪುಸ್ತಕದಲ್ಲಿ ಬರೆದಿಟ್ಟೆವು.

ತೆಗೆಯೋದಲ್ಲ, ಸೇರಿಸೋದು

ಈಗ ಮನೆಯೊಳಗಿನ ಕಳ್ಳ ಯಾರು? ಸಾಮಾನ್ಯವಾಗಿ ನಾವು ಮಾಡೋದು ಏನು? ಎಲ್ಲ ಉರಿಯುತ್ತಿರುವಾಗ ಒಂದನ್ನು ಆರಿಸಿ ನೋಡ್ತೀವಿ, ವ್ಯತ್ಯಾಸ ಕಾಣದಿದ್ದರೆ 'ಇದಲ್ಲ' ಅಂತ ಮತ್ತೆ ಹಾಕ್ತೀವಿ. ಮಾವ ಎರಡು ವರ್ಷದಿಂದ ಮಾಡಿದ್ದೂ ಅದನ್ನೇ, ಫಲ ಸೊನ್ನೆ. ಯಾಕೆ ಅಂತ ಯೋಚಿಸಿ. ಸಮಾನ ಗದ್ದಲ ಮಾಡುವ ಎರಡು ಚಾರ್ಜರ್ ಇವೆ ಅಂದುಕೊಳ್ಳಿ. ಒಂದನ್ನು ಆರಿಸಿದರೆ ಸಾಮರ್ಥ್ಯ ಅರ್ಧವಾಗುತ್ತೆ, ಅಂದರೆ 3 ಡೆಸಿಬೆಲ್, ಅಂದರೆ ಮೀಟರಿನಲ್ಲಿ ಅರ್ಧ ಮೆಟ್ಟಿಲು. ಕಣ್ಣಿಗೇ ಬೀಳಲ್ಲ. ಸಣ್ಣ ಕಳ್ಳನನ್ನು ಆರಿಸಿದರಂತೂ ದೊಡ್ಡವನ ನೆರಳಲ್ಲಿ ಏನೂ ಕಾಣದು.

ಆದ್ದರಿಂದ ಎಲ್ಲ ಆರಿಸಿ, ಖಾಲಿ ಮನೆಗೆ ಒಂದೊಂದನ್ನೇ ಸೇರಿಸುತ್ತಾ ಬರಬೇಕು. ಆಗ ಎಸ್5ರಿಂದ ಎಸ್7ಕ್ಕೆ ಹಾರಿದ್ದು ಎದ್ದು ಕಾಣುತ್ತೆ. ನಾವು ಪ್ಲಗ್‌ಗಳನ್ನೆಲ್ಲ ಕಿತ್ತು, ಇನ್ವರ್ಟರ್ ಆರಿಸಿಟ್ಟು, ಮೇನ್ ಹಾಕಿ, ಒಂದೊಂದೇ ಎಂಸಿಬಿ, ಒಂದೊಂದೇ ದೀಪ, ಒಂದೊಂದೇ ಪ್ಲಗ್ ಸೇರಿಸಿದೆವು. ಫ್ರಿಜ್ ನಿರಪರಾಧಿ. ಟಿ.ವಿ. ಸ್ವಲ್ಪ. ಅಡುಗೆಮನೆಯ ಎಲ್‌ಇಡಿ ಬಲ್ಬು ಎಸ್7. ಇಂಟರ್‌ನೆಟ್ ಡಬ್ಬಿಯ ಅಡಾಪ್ಟರ್ ಎಸ್7. ಸಂತೆಯಲ್ಲಿ ತಂದ ಮೊಬೈಲ್ ಚಾರ್ಜರ್ ಎಸ್9!

ಅಷ್ಟು ಚಿಕ್ಕ ಚಾರ್ಜರ್‌ಗೆ ಅಷ್ಟು ದೊಡ್ಡ ಬಾಯಿ ಹೇಗೆ? ಹಳೆಯ ಕಾಲದ ಅಡಾಪ್ಟರ್‌ನಲ್ಲಿ ಕಬ್ಬಿಣದ ಭಾರವಾದ ಪರಿವರ್ತಕ ಇರುತ್ತಿತ್ತು, 50 ಹರ್ಟ್ಸ್‌ನಲ್ಲಿ ಸಾಧುವಾಗಿ ಕೆಲಸ ಮಾಡುತ್ತಿತ್ತು. ಈಗಿನದು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಹಾಗೆ ಕತ್ತರಿಸಿದರೆ ಪರಿವರ್ತಕ ಬೆರಳುಗಾತ್ರಕ್ಕೆ ಇಳಿಯುತ್ತೆ, ಶಕ್ತಿಯೂ ಉಳಿಯುತ್ತೆ. ಆದರೆ ಕತ್ತರಿಸಿದ ಅಂಚು ಚೂಪು. ಚೂಪು ಅಂಚಿನ ಚೌಕ ತರಂಗ ಅಂದರೆ ಒಂದೇ ಆವೃತ್ತಿ ಅಲ್ಲ, ಮೂಲ ಆವೃತ್ತಿಯ ಹಲವಾರು ಗುಣಕಗಳ ಮೊತ್ತ. ಇದು ಫೂರಿಯೆ ಹೇಳಿಕೊಟ್ಟ ಲೆಕ್ಕ. 65 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸುವ ಚಾರ್ಜರ್‌ನ 109ನೇ ಗುಣಕ 7085 ಕಿಲೋಹರ್ಟ್ಸ್, 110ನೆಯದು 7150. ಎರಡೂ ಹ್ಯಾಮ್‌ಗಳ 40 ಮೀಟರ್ ಪಟ್ಟಿಯ ಒಳಗೇ. ರೇಡಿಯೊ ಗುಂಡಿ ತಿರುಗಿಸುತ್ತಾ ಹೋದಾಗ ಗದ್ದಲ ಸಮಾನ ಅಂತರದಲ್ಲಿ ಬಂದು ಹೋದರೆ ಕಳ್ಳ ಇಂಥ ಅಡಾಪ್ಟರ್ ಅಂತ ಬಹುಮಟ್ಟಿಗೆ ಹೇಳಬಹುದು.

ಒಳ್ಳೆಯ ಚಾರ್ಜರ್‌ನ ಒಳಗೆ ಈ ಗುಣಕಗಳನ್ನು ತಡೆಯುವ ಸುರುಳಿ, ಕೆಪಾಸಿಟರ್ ಇರುತ್ತವೆ. ಅಗ್ಗದ್ದರಲ್ಲಿ ಐದು ರೂಪಾಯಿ ಉಳಿಸಲು ಅದನ್ನೇ ಬಿಡುತ್ತಾರೆ. ಇನ್ನು ಗೋಡೆಯೊಳಗಿನ ವೈರಿಂಗ್. 7.1 ಮೆಗಾಹರ್ಟ್ಸ್‌ನ ತರಂಗದೂರ 300 ಭಾಗಿಸು 7.1, ಅಂದರೆ ಸುಮಾರು 42 ಮೀಟರ್. ಅದರ ಅರ್ಧ 21, ಕಾಲು ಹತ್ತೂವರೆ. ನಮ್ಮ ಮನೆಗಳ ವೈರು ಓಡುವ ಉದ್ದವೂ ಹೆಚ್ಚುಕಡಿಮೆ ಇಷ್ಟೇ. ಚಾರ್ಜರ್ ಪುಟಾಣಿ, ಆದರೆ ಅದಕ್ಕೆ ಇಡೀ ಮನೆಯ ವೈರಿಂಗೇ ಆಂಟೆನಾ.

ಔಷಧ: ಚಾರ್ಜರ್ ಬದಲಾಯಿಸಿದೆವು, ಅಡುಗೆಮನೆಗೆ ಬೇರೆ ಬಲ್ಬು. ಇಂಟರ್‌ನೆಟ್ ಡಬ್ಬಿಯ ವೈರಿಗೆ ಫೆರೈಟ್ ಬಳೆ. ಫೆರೈಟ್ ಅಂದರೆ ಕಬ್ಬಿಣದ ಆಕ್ಸೈಡ್ ಮತ್ತು ಬೇರೆ ಲೋಹಗಳ ಆಕ್ಸೈಡ್ ಸೇರಿಸಿ ಸುಟ್ಟ ಕಪ್ಪು ಪಿಂಗಾಣಿ. ಹಳೆಯ ಕಂಪ್ಯೂಟರ್ ಮಾನಿಟರ್ ವೈರಿನಲ್ಲಿ ಗಂಟಿನ ಹಾಗೆ ಕಾಣುತ್ತದಲ್ಲ, ಅದೇ. ವೈರಿನ ಎರಡು ಎಳೆಗಳಲ್ಲಿ ಹೋಗುವ ಕರೆಂಟು, ಬರುವ ಕರೆಂಟು ಸಮ, ಹಾಗಾಗಿ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಕಳೆಯುತ್ತೆ, ಫೆರೈಟ್‌ಗೆ ಅದರ ಗೊಡವೆ ಇಲ್ಲ. ಎರಡೂ ಎಳೆಗಳಲ್ಲಿ ಒಂದೇ ದಿಕ್ಕಿಗೆ ಓಡುವ ಗದ್ದಲದ ಕರೆಂಟಿಗೆ ಮಾತ್ರ ಅದು ಅಡ್ಡ ನಿಲ್ಲುತ್ತದೆ. ಆಂಟೆನಾ ಹಾಗೆ ಪ್ರಸಾರ ಮಾಡೋದೂ ಈ ಒಂದೇ ದಿಕ್ಕಿನ ಕರೆಂಟೇ. ಬಳೆಯೊಳಗೆ ವೈರನ್ನು ಒಂದು ಸಲ ತೂರಿಸೋದಕ್ಕಿಂತ ಐದು ಸುತ್ತು ಸುತ್ತಿದರೆ ತಡೆ ಐದು ಪಟ್ಟಲ್ಲ, ಸುತ್ತಿನ ವರ್ಗದಷ್ಟು, ಸುಮಾರು 25 ಪಟ್ಟು.

ಇಷ್ಟಾದ ಮೇಲೆ ಮನೆಯೆಲ್ಲ ಉರಿಯುತ್ತಿದ್ದರೂ ಹಗಲಿನಲ್ಲಿ ಎಸ್3. ಮಾವ ಕುರ್ಚಿ ಎಳೆದುಕೊಂಡು ಕೂತು ಬೆಂಗಳೂರು, ಹೈದರಾಬಾದು ಅಂತ ಕೇಳತೊಡಗಿದರು. ಆದರೆ ಸಂಜೆ ಆರೂವರೆಗೆ ಸರಿಯಾಗಿ ಮತ್ತೆ: ಟಕ್... ಟಕ್... ಟಕ್...

ಸೆಕೆಂಡಿಗೊಂದು ಟಕ್

ಇಲ್ಲಿ ನಮಗೆ ನೆರವಾಗಿದ್ದು ಮಾವನ ಲಾಗ್ ಪುಸ್ತಕ. ಹ್ಯಾಮ್‌ಗಳು ಯಾರ ಜೊತೆ ಎಷ್ಟು ಹೊತ್ತಿಗೆ ಮಾತಾಡಿದೆವು ಅಂತ ಬರೆದಿಡುತ್ತಾರೆ. ಮಾವ ಅದರ ಅಂಚಿನಲ್ಲಿ ಗದ್ದಲವನ್ನೂ ಗುರುತಿಸಿದ್ದರು. ತಾಳೆ ನೋಡಿದರೆ ಮೂರು ಸಂಗತಿ. ಟಕ್ ಶುರುವಾಗೋದು ಕತ್ತಲಾಗುವಾಗ, ನಿಲ್ಲೋದು ಬೆಳಗಾಗುವಾಗ. ಮಂಜು ಇಳಿದ ದಿನ ಜೋರು. ಕರೆಂಟು ಹೋದರೂ ನಿಲ್ಲಲ್ಲ.

ಬೀದಿದೀಪ ಅಂದುಕೊಂಡಿದ್ದ ನಾನು ಮೂರನೆಯದನ್ನು ಓದಿ ಕೈಬಿಟ್ಟೆ. ಕಂಬದ ಮೇಲಿನ ಸಡಿಲ ಜೋಡಣೆಯಲ್ಲಿ ಕಿಡಿ ಹಾರಿದರೂ ಗದ್ದಲ ಬರುತ್ತೆ, ಆದರೆ ಅದು ಸೆಕೆಂಡಿಗೆ ನೂರು ಸಲ ಕಿಡಿಯಾಗಿ ಒರಟಾದ 'ಝೇಂ' ಅನ್ನುತ್ತೆ. ಕರೆಂಟು ಇಲ್ಲದೆಯೂ ರಾತ್ರಿಯಿಡೀ, ಸೆಕೆಂಡಿಗೊಂದು ಸಲ ಟಕ್ ಅನ್ನುವ ವಸ್ತು ಯಾವುದು? ನಮ್ಮ ಬಂಡೀಪುರದ ಅಂಚಿನ ಊರುಗಳ ಮೇಷ್ಟ್ರುಗಳಿಗೆ ಈಗಾಗಲೇ ಉತ್ತರ ಹೊಳೆದಿರುತ್ತೆ. ಸೋಲಾರ್ ಬೇಲಿ! ಕೆತ್ತಿಯಲ್ಲಿ ಕಾಟಿಗಳು, ಅಂದರೆ ಕಾಡೆಮ್ಮೆಗಳು, ರಾತ್ರಿ ತೋಟಕ್ಕೆ ಇಳಿಯುತ್ತವೆ. ಹಂದಿಗಳು ಆಲೂಗಡ್ಡೆ ಬಗೆಯುತ್ತವೆ. ಬ್ಯಾಟರಿಯಿಂದ ನಡೆಯುವ ಬೇಲಿಯ ಡಬ್ಬಿ ಸೆಕೆಂಡಿಗೊಂದರಂತೆ ಕೆಲವು ಸಾವಿರ ವೋಲ್ಟಿನ ತೀರಾ ಚಿಕ್ಕ ಮಿಡಿತ ಕಳಿಸುತ್ತದೆ. ಪ್ರಾಣಿ ಬೆಚ್ಚುತ್ತೆ, ಸಾಯಲ್ಲ.

ಆದರೆ ಒಳ್ಳೆಯ ಬೇಲಿ ರೇಡಿಯೊಗೆ ಇಷ್ಟು ತೊಂದರೆ ಕೊಡಲ್ಲ. ಎಲ್ಲೋ ಕಿಡಿ ಹಾರುತ್ತಿರಬೇಕು. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟೋಕೆ ಸುಮಾರು 3000 ವೋಲ್ಟ್ ಸಾಕು. ಕಿಡಿ ಹಾರಿದ ಕ್ಷಣ ಕರೆಂಟು ಅತಿ ವೇಗವಾಗಿ ಏರುತ್ತದೆ, ಅದರಲ್ಲಿ ಎಲ್ಲ ಆವೃತ್ತಿಯೂ ಇರುತ್ತದೆ, ಬೇಲಿಯ ಉದ್ದ ತಂತಿಯೇ ಆಂಟೆನಾ. 1887ರಲ್ಲಿ ಹೈನ್‌ರಿಕ್ ಹರ್ಟ್ಸ್ ಮೊದಲ ಸಲ ರೇಡಿಯೊ ತರಂಗ ಹುಟ್ಟಿಸಿದ್ದೂ ಕಿಡಿಯಿಂದಲೇ. ಅಂದರೆ ಕೆತ್ತಿಯ ಯಾವುದೋ ತೋಟದಲ್ಲಿ ರಾತ್ರಿಯಿಡೀ ಹರ್ಟ್ಸ್‌ನ ಪ್ರಯೋಗ ನಡೀತಾ ಇತ್ತು.

ಹುಡುಕೋದು ಹೇಗೆ? ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿ ನೋಡಿದರೆ ಒಳಗೆ ಒಂದು ಕಪ್ಪು ಕಡ್ಡಿ, ಅದರ ಮೇಲೆ ತೆಳು ತಾಮ್ರದ ಸುರುಳಿ. ಅದೇ ಮೀಡಿಯಂ ವೇವ್ ಆಂಟೆನಾ, ಅದೂ ಫೆರೈಟೇ. ಕಡ್ಡಿಯ ಮಗ್ಗುಲು ನಿಲಯದ ಕಡೆ ಇದ್ದರೆ ದನಿ ಜೋರು. ಕಡ್ಡಿಯ ತುದಿ ನಿಲಯದ ಕಡೆ ತಿರುಗಿದರೆ ದನಿ ಬಿದ್ದುಹೋಗುತ್ತೆ. ಜೋರಾಗುವ ದಿಕ್ಕಿಗಿಂತ ಬಿದ್ದುಹೋಗುವ ದಿಕ್ಕು ಬಹಳ ಚುರುಕು, ಅದನ್ನೇ ಗುರುತು ಹಾಕಿಕೊಳ್ಳಬೇಕು. ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಟಕ್ ಮಂಕಾಗುವ ಗೆರೆಯನ್ನು ಮನೆಯ ಮಹಡಿಯಿಂದ ಒಂದು ಸಲ, ಕೆಳಗಿನ ರಸ್ತೆಯ ತಿರುವಿನಿಂದ ಇನ್ನೊಂದು ಸಲ ನಕ್ಷೆಯ ಮೇಲೆ ಎಳೆದೆವು. ಒಂದೇ ಗೆರೆ ಸಾಲದು, ಯಾಕೆಂದರೆ ಕಡ್ಡಿಗೆ ಹಿಂದು ಮುಂದು ಗೊತ್ತಿಲ್ಲ. ಎರಡು ಗೆರೆ ಕೂಡಿದಲ್ಲಿ ಕಳ್ಳ. ಎಂಟನೇ ತರಗತಿಯ ರೇಖಾಗಣಿತ.

ಗೆರೆಗಳು ಕೂಡಿದ್ದು ಒಂದು ಕ್ಯಾರೆಟ್ ತೋಟದ ಮೂಲೆಯಲ್ಲಿ. ಮಾವ ನಕ್ಷೆ ನೋಡಿ ನಕ್ಕರು. ಆ ತೋಟ ಪಕ್ಕದ ಮನೆಯ ಅಜ್ಜಿಯದು.

ಒಂದು ಇನ್ಸುಲೇಟರು, ಎರಡು ಮನೆ

ಮರುದಿನ ಬೆಳಿಗ್ಗೆ ನಾನೇ ಹೋದೆ. "ಅಜ್ಜಿ, ನಿಮ್ಮ ಬೇಲಿ ನಮ್ಮ ರೇಡಿಯೊ ಕೆಡಿಸ್ತಿದೆ" ಅಂದಿದ್ದರೆ ಬಾಗಿಲು ಮುಚ್ಚುತ್ತಿತ್ತು. "ಅಜ್ಜಿ, ನಿಮ್ಮ ಬೇಲಿಯ ಕರೆಂಟು ಎಲ್ಲೋ ಸೋರುತ್ತಿದೆ, ರೇಡಿಯೊದಲ್ಲಿ ಗೊತ್ತಾಯಿತು" ಅಂದೆ. ಅಜ್ಜಿ ಒಂದು ಗಳಿಗೆ ನೋಡಿದರು. ಆಮೇಲೆ ಕನ್ನಡಕ್ಕೆ ಹತ್ತಿರ ಬರುವ ಹಾಗೆ ನಿಧಾನವಾಗಿ ಹೇಳಿದ್ದು ಇಷ್ಟು: ಎರಡು ತಿಂಗಳಿಂದ ಕಾಟಿ ಬೇಲಿಗೆ ಹೆದರುತ್ತಿಲ್ಲ, ಒಂದು ಪಾತಿ ಕ್ಯಾರೆಟ್ ಪೂರ್ತಿ ಹೋಯಿತು, ಮಗ ಡಬ್ಬಿ ಕೆಟ್ಟಿದೆ ಅಂತ ಹೊಸದು ತರೋಕೆ ಹೊರಟಿದ್ದಾನೆ.

ಅಂದು ಸಂಜೆ ಅಜ್ಜಿಯ ಮಗ, ಮಾವ, ನಾನು, ಕೈಯಲ್ಲಿ ಟ್ರಾನ್ಸಿಸ್ಟರು. ಬೇಲಿಯ ಪಕ್ಕ ನಡೆಯುತ್ತಾ ಹೋದಾಗ ಮೂಲೆಯ ಗೂಟದ ಹತ್ತಿರ ಸದ್ದು ಕಿವಿ ಕಿತ್ತುಹೋಗುವಷ್ಟು. ಟಾರ್ಚ್ ಆರಿಸಿ ನೋಡಿದೆವು. ಪ್ಲಾಸ್ಟಿಕ್ ಇನ್ಸುಲೇಟರ್ ಸೀಳಿತ್ತು. ಆ ಸೀಳಿನಲ್ಲಿ, ಮಂಜಿಗೆ ಒದ್ದೆಯಾದ ಗೂಟಕ್ಕೆ, ಸೆಕೆಂಡಿಗೊಂದು ನೀಲಿ ಕಿಡಿ. ಪಕ್ಕದಲ್ಲಿ ಲಂಟಾನ ಬೆಳೆದು ತಂತಿಗೆ ತಾಗಿತ್ತು. ಡಬ್ಬಿ ಆರಿಸಿ, ಇನ್ಸುಲೇಟರ್ ಬದಲಾಯಿಸಿ, ಲಂಟಾನ ಕಡಿದರು. ಬೇಲಿ ಪರೀಕ್ಷಿಸುವ ಸಾಧನದಲ್ಲಿ ಮೊದಲು ಎರಡು ದೀಪ ಹೊತ್ತುತ್ತಿತ್ತು, ಈಗ ನಾಲ್ಕು. ಮಾವನ ರೇಡಿಯೊದಲ್ಲಿ ಟಕ್ ಇಲ್ಲ. ಹೊಸ ಡಬ್ಬಿಯ ಖರ್ಚೂ ಉಳಿಯಿತು.

ಇಲ್ಲೊಂದು ತತ್ವ ಇದೆ, ಮಕ್ಕಳಿಗೆ ತಪ್ಪದೆ ಹೇಳಿ. ರೇಡಿಯೊ ಗದ್ದಲ ಅಂದರೆ ಎಲ್ಲೋ ಶಕ್ತಿ ಸೇರಬೇಕಾದ ಕಡೆ ಸೇರದೆ ಸೋರುತ್ತಿದೆ ಅಂತ ಅರ್ಥ. ಕಿಡಿ ಹಾರುವ ಜಾಗ ನಾಳೆ ಕೆಡುವ ಜಾಗ.

ಉಳಿದದ್ದು ಬಾತುಕೋಳಿ. ಅಜ್ಜಿಯ ಮನೆಯಲ್ಲಿ ಟಿ.ವಿ.ಯಿಂದ ಸ್ಪೀಕರಿಗೆ ಆರೇಳು ಮೀಟರ್ ತೆಳು ವೈರು ಗೋಡೆಗುಂಟ ಓಡಿತ್ತು. ಮಾವನ ಆಂಟೆನಾದ ಒಂದು ತುದಿ ಸರಿಯಾಗಿ ಅದೇ ಗೋಡೆಯ ಹೊರಗೆ. ವೈರು ರೇಡಿಯೊ ತರಂಗ ಹಿಡಿದು ಆಂಪ್ಲಿಫೈಯರ್‌ಗೆ ತಲುಪಿಸುತ್ತದೆ. ಅಲ್ಲಿನ ಟ್ರಾನ್ಸಿಸ್ಟರ್ ಸಂಧಿ ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡ್ ಹಾಗೆ ವರ್ತಿಸಿ ಅದನ್ನು ಸದ್ದಾಗಿ ಬದಲಿಸುತ್ತದೆ. ಹಳೆಯ ಕ್ರಿಸ್ಟಲ್ ರೇಡಿಯೊ ಕೆಲಸ ಮಾಡುತ್ತಿದ್ದದ್ದೂ ಹೀಗೇ. ಹ್ಯಾಮ್‌ಗಳ ಪ್ರಸಾರದಲ್ಲಿ ವಾಹಕ ತರಂಗವನ್ನು ತೆಗೆದುಹಾಕಿರುತ್ತಾರೆ, ಅದಕ್ಕೇ ಮಾತು ಬಿಡಿಸಿ ಕೇಳದೆ ಬಾತುಕೋಳಿಯಾಗಿತ್ತು. ತಪ್ಪು ಯಾರದು ಅಂತ ವಾದಿಸಿ ಲಾಭ ಇಲ್ಲ, ದಾರಿ ಮುಚ್ಚಿದರಾಯಿತು. ಸ್ಪೀಕರ್ ವೈರಿಗೂ ಪ್ಲಗ್ ವೈರಿಗೂ ಫೆರೈಟ್ ಬಳೆ, ಐದೈದು ಸುತ್ತು. ಮಾವ ಆಂಟೆನಾದ ತುದಿಯನ್ನು ಇನ್ನೊಂದು ಮರಕ್ಕೆ ಕಟ್ಟಿದರು, ಅದಕ್ಕೆ ಹೋಗುವ ಕೇಬಲ್ಲನ್ನೂ ಫೆರೈಟ್ ಬಳೆಗೆ ಸುತ್ತಿದರು. ಊರೊಳಗೆ ಮಾತಾಡುವಾಗ 100 ವ್ಯಾಟ್ ಬದಲು 25 ವ್ಯಾಟ್ ಅಂತ ತೀರ್ಮಾನಿಸಿದರು. ಸಾಮರ್ಥ್ಯ ಕಾಲು ಭಾಗ ಆದರೆ ಅಜ್ಜಿಯ ವೈರಿನಲ್ಲಿ ವೋಲ್ಟೇಜ್ ಅರ್ಧ, ದೂರದ ಸ್ನೇಹಿತನಿಗೆ ಒಂದೇ ಮೆಟ್ಟಿಲು ಕಡಿಮೆ. ಪರೀಕ್ಷೆ ಮಾಡಲು ಮಾವ ಮೈಕಿನಲ್ಲಿ ಅಂಕಿ ಎಣಿಸಿದರು, ನಾನು ಅಜ್ಜಿಯ ಮನೆಯಲ್ಲಿ ಕೂತೆ. ಪೂರ್ತಿ ಜೋರಿಟ್ಟರೆ ಹಿನ್ನೆಲೆಯಲ್ಲಿ ಸಣ್ಣ ಕರಕರ ಇನ್ನೂ ಇದೆ. ಸೀರಿಯಲ್‌ಗೆ ತೊಂದರೆ ಇಲ್ಲ. ಅಜ್ಜಿ ಕಾಫಿ ಕೊಟ್ಟರು.

ಗುಡ್ಡದಾಚೆಯ ದೊಡ್ಡ ಕಿವಿ

ಕೆತ್ತಿಯಿಂದ ಕೆಲವೇ ಕಿಲೋಮೀಟರ್ ದೂರ, ಮುತ್ತೊರೈಯ ಇಳಿಜಾರಿನಲ್ಲಿ, ಊಟಿ ರೇಡಿಯೊ ದೂರದರ್ಶಕ ಇದೆ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿ 1970ರಲ್ಲಿ ಮುಗಿಸಿದ್ದು. ಉದ್ದ 530 ಮೀಟರ್, ಅಗಲ 30 ಮೀಟರ್. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ಇಳಿಜಾರಿರುವ ಗುಡ್ಡ ಹುಡುಕಿ ಕಟ್ಟಿದ್ದರಿಂದ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ. ಒಂದೇ ಅಚ್ಚಿನ ಸುತ್ತ ತಿರುಗಿಸಿ ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಅದು ಕೇಳುವ ಆವೃತ್ತಿ 326.5 ಮೆಗಾಹರ್ಟ್ಸ್.

ಒಂದು ಲೆಕ್ಕ ಹಾಕೋಣ. ಖಗೋಳದಲ್ಲಿ ರೇಡಿಯೊ ಬೆಳಕಿನ ಅಳತೆ 'ಜಾನ್ಸ್ಕಿ': ಒಂದು ಚದರ ಮೀಟರ್‌ಗೆ, ಒಂದು ಹರ್ಟ್ಸ್‌ಗೆ, 10ರ ಮೈನಸ್ 26ನೇ ಘಾತದಷ್ಟು ವ್ಯಾಟ್. 530 ಗುಣಿಸು 30 ಅಂದರೆ 15,900 ಚದರ ಮೀಟರ್. ಅದರ ಅರ್ಧ, 8000 ಚದರ ಮೀಟರ್, ಪರಿಣಾಮಕಾರಿ ಅಂತ ಹಿಡಿಯಿರಿ. 4 ಮೆಗಾಹರ್ಟ್ಸ್ ಅಗಲದ ಪಟ್ಟಿ, ಒಂದೇ ಧ್ರುವೀಕರಣ ಆದ್ದರಿಂದ ಅರ್ಧ. ಒಂದು ಜಾನ್ಸ್ಕಿಯ ಆಕಾಶಕಾಯದಿಂದ ಸಿಗೋದು ಸುಮಾರು 1.6 ಗುಣಿಸು 10ರ ಮೈನಸ್ 16ನೇ ಘಾತ ವ್ಯಾಟ್. ಮಾವನ ಎಸ್9 ಗದ್ದಲ, 50 ಓಮ್ ರೋಧದಲ್ಲಿ 50 ಮೈಕ್ರೊವೋಲ್ಟ್, ಅಂದರೆ 5 ಗುಣಿಸು 10ರ ಮೈನಸ್ 11ನೇ ಘಾತ. ಮೂರು ಲಕ್ಷ ಪಟ್ಟು ಹೆಚ್ಚು! ರೇಡಿಯೊ ದೂರದರ್ಶಕಗಳನ್ನು ಊರಿಂದ ದೂರ, ಗುಡ್ಡಗಳ ಮರೆಯಲ್ಲಿ ಯಾಕೆ ಕಟ್ಟುತ್ತಾರೆ ಅಂತ ಮಕ್ಕಳು ಕೇಳಿದರೆ ಈ ಲೆಕ್ಕ ಹೇಳಿ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲೂ 34.5 ಮೆಗಾಹರ್ಟ್ಸ್‌ನ ಇಂಥದೇ ದೂರದರ್ಶಕ ಕಟ್ಟಿದ್ದಾರೆ. ಹತ್ತಿರದ ಶಾಲೆಯವರು ಅದನ್ನೇ ಉದಾಹರಣೆ ಮಾಡಿಕೊಳ್ಳಬಹುದು.

ಜಾನ್ಸ್ಕಿ ಅನ್ನೋದು ಒಬ್ಬರ ಹೆಸರು. ಕಾರ್ಲ್ ಜಾನ್ಸ್ಕಿ ಖಗೋಳಜ್ಞ ಅಲ್ಲ, ಟೆಲಿಫೋನ್ ಕಂಪನಿಯ ಪ್ರಯೋಗಾಲಯದ ಎಂಜಿನಿಯರ್. ಅಮೆರಿಕದಿಂದ ಯುರೋಪಿಗೆ ಹೋಗುವ ರೇಡಿಯೊ ಫೋನಿಗೆ ಅಡ್ಡ ಬರುವ ಗದ್ದಲ ಎಲ್ಲಿಂದ ಅಂತ ಹುಡುಕೋದು ಅವರ ಕೆಲಸ. ತಿರುಗುವ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಕೇಳಿದರು. ಹತ್ತಿರದ ಗುಡುಗು, ದೂರದ ಗುಡುಗು ಎಲ್ಲ ಬಿಟ್ಟ ಮೇಲೂ ಒಂದು ಮೆಲ್ಲನೆಯ ಸುಯ್ ಉಳಿಯಿತು. ಅದು ದಿನಾ ಬರುತ್ತಿತ್ತು, ಆದರೆ 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ. ಅದು ನಕ್ಷತ್ರಗಳ ದಿನ. 1933ರಲ್ಲಿ ಅವರು ಪ್ರಕಟಿಸಿದರು: ಗದ್ದಲದ ಮೂಲ ಆಕಾಶಗಂಗೆ. ಅದನ್ನು ಓದಿ 1937ರಲ್ಲಿ ಮನೆಯ ಅಂಗಳದಲ್ಲೇ ಸುಮಾರು 9.5 ಮೀಟರ್ ಅಗಲದ ತಟ್ಟೆ ಆಂಟೆನಾ ಕಟ್ಟಿದ ಗ್ರೋಟ್ ರೆಬರ್ ಒಬ್ಬ ಹ್ಯಾಮ್. ಮಾವನ ಹಾಗೆ ಹೊತ್ತು ಬರೆದಿಟ್ಟದ್ದೇ ಇಲ್ಲೂ ದಾರಿ ತೋರಿಸಿತು.

ತರಗತಿಗೆ

ಒಂದು: ಟ್ರಾನ್ಸಿಸ್ಟರನ್ನು ನಿಲಯ ಇಲ್ಲದ ಜಾಗಕ್ಕೆ ಇಟ್ಟು ಎಲ್‌ಇಡಿ ಬಲ್ಬು, ಚಾರ್ಜರ್, ಟಿ.ವಿ., ಮಿಕ್ಸಿ ಹತ್ತಿರ ಹಿಡಿದು, ಎಷ್ಟು ಗೇಣು ದೂರದವರೆಗೆ ಸದ್ದು ಕೇಳುತ್ತೆ ಅಂತ ಪಟ್ಟಿ ಮಾಡಿಸಿ. ಎರಡು ಮನೆಯ ಪಟ್ಟಿ ಹೋಲಿಸಿ.

ಎರಡು: ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್ ಸಿಗುವ ಊರಿನಲ್ಲಿ, ರೇಡಿಯೊ ನಿಧಾನ ತಿರುಗಿಸಿ ದನಿ ಬೀಳುವ ಗೆರೆ ಗುರುತಿಸಿ, ನಕ್ಷೆಯಲ್ಲಿ ಬೆಂಗಳೂರಿನ ದಿಕ್ಕಿನೊಂದಿಗೆ ತಾಳೆ ನೋಡಿಸಿ.

ಮೂರು: ಮುಚ್ಚಿಟ್ಟ ಚಾರ್ಜರ್ ಹುಡುಕುವ ಆಟ. ಎರಡು ಗುಂಪು, ಎರಡು ಗೆರೆ, ಕೂಡಿದಲ್ಲಿ ಬಹುಮಾನ.

ಎಚ್ಚರಿಕೆಯನ್ನೂ ಹೇಳಲೇಬೇಕು. ಚಾರ್ಜರ್, ಬಲ್ಬು ಬಿಚ್ಚಬಾರದು, ಕೇಳೋದು ಮಾತ್ರ. ಕರೆಂಟು ಕಂಬ ಮುಟ್ಟೋದು, ಬಡಿಯೋದು, ಹತ್ತೋದು ಬೇಡ, ಅನುಮಾನ ಬಂದರೆ ಕಂಬದ ಸಂಖ್ಯೆ ಬರೆದು ವಿದ್ಯುತ್ ಕಚೇರಿಗೆ ತಿಳಿಸಿ. ಬೇಲಿಯ ಹತ್ತಿರ ಮಕ್ಕಳನ್ನು ಕರೆದೊಯ್ಯಬೇಡಿ. ಕೆಲವರು ಮನೆಯ ಕರೆಂಟನ್ನೇ ನೇರವಾಗಿ ಬೇಲಿಗೆ ಕೊಟ್ಟಿರುತ್ತಾರೆ, ಅದು ಅಪರಾಧ, ಮನುಷ್ಯರೂ ಸಾಯುತ್ತಾರೆ, ಆನೆಗಳೂ ಸಾಯುತ್ತವೆ.

ಮಾವ ಆಂಟೆನಾ ಇಳಿಸಲಿಲ್ಲ. ಮೊನ್ನೆ ಫೋನ್ ಮಾಡಿದಾಗ ಕೆತ್ತಿಯಲ್ಲಿ ಮಳೆ ಶುರುವಾಗಿತ್ತು. ಬ್ಯಾಟರಿ ಚಾರ್ಜ್ ಮಾಡಿಟ್ಟಿದೀನಿ, ಗದ್ದಲ ಎಸ್3 ದಾಟಿಲ್ಲ ಅಂದರು. ಆಮೇಲೆ ಸೇರಿಸಿದರು: "ಅಜ್ಜಿ ಕೇಳ್ತಿದ್ದರು ಕಣಮ್ಮ, ಮಳೆ ಜೋರಾದರೆ ಕೊಯಮತ್ತೂರಿನ ಮಗಳಿಗೆ ಇದರಲ್ಲಿ ಸುದ್ದಿ ಮುಟ್ಟಿಸೋಕಾಗುತ್ತಾ ಅಂತ. ಅಲ್ಲೊಬ್ಬ ಹ್ಯಾಮ್ ಇದಾನೆ, ನೋಡೋಣ ಅಂದೆ."